ಲಿಂಗಕ್ಕೆ ತೋರಿಸುವಂಥ ಬರ್ಗರ್

ಬರ್ಗರ್ ಮಾಡಲು ಓವನ್ ಬೇಕು, ಬೇಕರಿಯ ಬನ್ನು ಬೇಕು, ಬಾಟಲಿಯ ಸಾಸು ಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಪ್ಪ ತಳದ ಒಂದು ಬೋಗುಣಿ, ಹೊಳೆಯ ಉಸುಕು, ರೊಟ್ಟಿ ಸುಡುವ ಹಂಚು, ಇಷ್ಟಿದ್ದರೆ ಆಯಿತು. ಜೊತೆಗೆ ಸ್ವಲ್ಪ ಹಟ. ಹಟ ಉಪ್ಪಿನ ಹಾಗಲ್ಲ, ಒಂದು ಹಿಡಿ ಹೆಚ್ಚಾದರೂ ಅಡುಗೆ ಕೆಡುವುದಿಲ್ಲ.

ನಾನು ಹೇಳುತ್ತಿರುವುದು ಗಣಿಯ ಕಾಲದ ಮಾತು. ನಮ್ಮ ಮನೆ ಹೊಸಪೇಟೆಯಲ್ಲಿ, ಸಂಡೂರಿನ ಕಡೆಯಿಂದ ಲಾರಿಗಳು ಬರುವ ರಸ್ತೆಗೆ ಹತ್ತಿರ. ಚೀನಾಕ್ಕೆ ಹೋಗುವ ಅದಿರು ತುಂಬಿದ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಕಿಟಕಿಯ ಸರಳು ಕೆಂಪು, ಒಣಗಲು ಹಾಕಿದ ಪಂಚೆ ಕೆಂಪು, ಅಂಗಳದ ತುಳಸಿ ಕೆಂಪು. ಮಲ್ಲಿಗೆ ಹೂವನ್ನು ತೊಳೆದು ದೇವರಿಗೆ ಏರಿಸುವ ಊರು ಬೇರೆ ಎಲ್ಲಾದರೂ ಇದೆಯೋ ಇಲ್ಲವೋ, ನಾವು ತೊಳೆದೇ ಏರಿಸುತ್ತಿದ್ದೆವು.

ನಮ್ಮ ಯಜಮಾನರದು ಕಾಳುಕಡಿಯ ಅಂಗಡಿ. ಕಂಪ್ಲಿಯ ಅಕ್ಕಿ, ಚೋರನೂರು ಕಡೆಯ ಜೋಳ, ಹುರುಳಿ, ಮಡಕಿ. ಊರಲ್ಲಿ ಎಷ್ಟೋ ಮಂದಿ ಅಂಗಡಿ ಮುಚ್ಚಿ ಟಿಪ್ಪರ್ ಕೊಂಡರು. ಇವರು ಕೊಳ್ಳಲಿಲ್ಲ. ಕೇಳಿದವರಿಗೆ, "ಅದಿರು ತಿನ್ನಾಕ ಬರಂಗಿಲ್ಲ, ಜ್ವಾಳ ತಿನ್ನಾಕ ಬರ್ತೈತಿ" ಎಂದುಬಿಡುತ್ತಿದ್ದರು. ರಾತ್ರಿ ಮಲಗುವ ಮುಂಚೆ ಆ ದಿನದ ದಯೆಗಳನ್ನು ನೆನೆದು ಶಿವನಿಗೆ ಕೈಮುಗಿಯುವುದು ನನ್ನ ಅಭ್ಯಾಸ. ಇಂಥ ಗಂಡನನ್ನು ಕೊಟ್ಟದ್ದನ್ನು ಬಹಳ ದಿನ ಅದರಲ್ಲಿ ಸೇರಿಸಿದ್ದೇನೆ. ಕೆಲವು ದಿನ ಬಿಟ್ಟಿದ್ದೇನೆ, ಅದು ಬೇರೆ.

ಯಜಮಾನರ ತಂಗಿಯನ್ನು ಸಂಡೂರಿಗೆ ಕೊಟ್ಟಿತ್ತು. ಅವಳ ಗಂಡ ಲಾರಿ ಕೊಂಡ, ಲಾರಿಗಳು ಹೆಚ್ಚಾದವು, ಹೊಸಪೇಟೆಯಲ್ಲೇ ದೊಡ್ಡ ಮನೆ ಎದ್ದಿತು. ನನ್ನ ನಾದಿನಿ ಕೆಟ್ಟವಳಲ್ಲ. ನಾನು ಬಾಣಂತಿಯಾಗಿದ್ದಾಗ ನನ್ನ ಕೂಸಿನ ಬಟ್ಟೆ ಒಗೆದವಳು. ಆದರೆ ಹೊಸ ದುಡ್ಡು ಹೊಸ ಚಪ್ಪಲಿಯ ಹಾಗೆ, ಹಾಕಿಕೊಂಡವರಿಗೂ ಕಚ್ಚುತ್ತದೆ, ನಡೆದಲ್ಲೆಲ್ಲ ಸದ್ದೂ ಮಾಡುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ನನ್ನ ಮಗಳಿಗೆ ಲಿಂಗದೀಕ್ಷೆಯಾಯಿತು. ನಾಲ್ಕನೆಯ ಇಯತ್ತೆ ಮುಗಿಸಿದ್ದಳು. ಮಠದ ಅಯ್ಯನವರು ಅಂಗೈ ಮೇಲೆ ಲಿಂಗವಿಟ್ಟು ಕಿವಿಯಲ್ಲಿ ಮಂತ್ರ ಹೇಳಿದರು. ಇನ್ನು ಮುಂದೆ ಏನು ತಿಂದರೂ ಮೊದಲು ಲಿಂಗಕ್ಕೆ ತೋರಿಸಿ ತಿನ್ನಬೇಕು ಎಂದರು. ಅವಳು ಅದನ್ನು ಆಟದಷ್ಟೇ ಶ್ರದ್ಧೆಯಿಂದ ಹಿಡಿದಳು. ಪೇರಲಹಣ್ಣು ಕೊಟ್ಟರೆ ಪೇರಲ, ಪೆಪ್ಪರಮೆಂಟು ಕೊಟ್ಟರೆ ಪೆಪ್ಪರಮೆಂಟು, ಎಲ್ಲ ಮೊದಲು ಲಿಂಗಕ್ಕೆ. ನಮ್ಮ ಅತ್ತೆಗೆ ಹೆಮ್ಮೆಯೋ ಹೆಮ್ಮೆ. "ನಮ್ಮ ಕೂಸು ಶರಣಿ ಆಗ್ಯಾಳಬೇ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಶಾಲೆ ಶುರುವಾದ ಹೊಸದರಲ್ಲಿ ನಾದಿನಿಯ ಮಗಳ ಹುಟ್ಟುಹಬ್ಬ ಬಂತು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು ಆ ಹುಡುಗಿ, ಒಂದೇ ಶಾಲೆ. ಹುಟ್ಟುಹಬ್ಬ ಮನೆಯಲ್ಲಲ್ಲ, ಹೊಸದಾಗಿ ಎದ್ದ ದೊಡ್ಡ ಹೋಟೆಲಿನಲ್ಲಿ. ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಶಾಲೆಯ ಹುಡುಗಿಯರೆಲ್ಲ ಬಂದಿದ್ದರು. ಕೇಕು ಆದ ಮೇಲೆ ಪ್ರತಿಯೊಬ್ಬರ ಮುಂದೆ ಒಂದೊಂದು ಬರ್ಗರ್ ಬಂತು. ನನ್ನ ಮಗಳು ಅದುವರೆಗೆ ಅದನ್ನು ಟಿವಿಯಲ್ಲಿ ಮಾತ್ರ ನೋಡಿದ್ದಳು. ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿದಳು. ಆಮೇಲೆ ಮನೆಯಲ್ಲಿ ಮಾಡುವಂತೆಯೇ ಫ್ರಾಕಿನ ಕೊರಳೊಳಗಿಂದ ಲಿಂಗ ತೆಗೆದು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಬರ್ಗರನ್ನು ಅದಕ್ಕೆ ತೋರಿಸಿ ಕಣ್ಣು ಮುಚ್ಚಿದಳು.

ಮೊದಲು ಒಬ್ಬಳು ನಕ್ಕಳು. ಆಮೇಲೆ ಮೇಜಿಗೆ ಮೇಜೇ ನಕ್ಕಿತು. ಯಾರೋ ಮೊಬೈಲಿನಲ್ಲಿ ಫೋಟೋ ಹಿಡಿದರು. ನಾದಿನಿ ಆ ಕಡೆಯಿಂದ ಕೂಗಿದಳು, "ನೋಡ್ರಿಲ್ಲಿ, ನಮ್ಮಣ್ಣನ ಮಗಳಿಗೆ ಬರ್ಗರ್ ತಿನ್ನಾಕ ಬರಂಗಿಲ್ಲ, ಪೂಜಿ ಮಾಡ್ತಾಳ!"

ಹಾಸ್ಯಕ್ಕೆ ಅಂದದ್ದೇ. ಆದರೆ ಹತ್ತು ವರ್ಷದ ಹುಡುಗಿಗೆ ಹಾಸ್ಯ ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ನಾನು ಎದ್ದು ಅವಳ ಹಿಂದೆ ಹೋಗಿ ನಿಂತೆ. ಮಾತು ಬದಲಿಸಲೆಂದು ಬಡಿಸುತ್ತಿದ್ದವನನ್ನು ಕೇಳಿದೆ.

"ಇದರಾಗ ಏನೇನೈತಪ್ಪ?"

"ವೆಜ್ ಐತ್ರಿ ಮೇಡಂ."

"ಈ ಬಿಳೇದು?"

"ಅದು ಸಾಸ್ರಿ."

"ಸಾಸಿನಾಗ ಏನೈತಿ?"

"ತತ್ತಿ ಐತ್ರಿ."

"ತತ್ತಿ ಇದ್ರ ವೆಜ್ ಹೆಂಗಾತಪ್ಪ?"

"ಕೋಳಿ ಇಲ್ಲಲ್ರಿ ಮೇಡಂ."

ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಲೆಕ್ಕ ಅವನಿಗೆ ಸರಿ. ಆದರೆ ಮಗಳು ಕೇಳಿಸಿಕೊಂಡುಬಿಟ್ಟಿದ್ದಳು. ಬರ್ಗರನ್ನು ತಟ್ಟೆಗೆ ಇಟ್ಟಳು. ಲಿಂಗವನ್ನು ಒಳಗೆ ಹಾಕಿಕೊಳ್ಳಲೂ ಅವಳಿಗೆ ಕೈ ಬರಲಿಲ್ಲ, ನಾನೇ ಹಾಕಿದೆ. ಹೊರಡುವಾಗ ಬಾಗಿಲಲ್ಲಿ ನಾದಿನಿ, "ಅತ್ಗಿ, ಕೂಸು ಏನೂ ತಿನ್ನಲಿಲ್ಲಲ್ರಿ. ಇಂಥಾವೆಲ್ಲ ನಿಮ್ಮನ್ಯಾಗ ರೂಢಿ ಇಲ್ಲ ನೋಡ್ರಿ" ಎಂದಳು. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

"ಅಮಾಸಿ ಕಳದು ಬರೋ ಭಾನುವಾರ ಈ ಹುಡುಗೇರ್ನ ಎಲ್ಲಾರ್ನೂ ಕರಕೊಂಡು ನಮ್ಮನಿಗೆ ಬಾ. ಬರ್ಗರ್ ನಾನ ಮಾಡ್ತೀನಿ."

ಅವಳು ನಕ್ಕಳು. ನಾನು ನಗಲಿಲ್ಲ. ಬರ್ಗರ್ ಹೇಗೆ ಮಾಡುತ್ತಾರೆ ಎನ್ನುವುದು ನನಗೆ ಆಗ ಎಳ್ಳಷ್ಟೂ ಗೊತ್ತಿರಲಿಲ್ಲ.

ಮನೆಗೆ ಬಂದ ಮಗಳು ನೇರ ದೇವರ ಮನೆಗೆ ಹೋದಳು. ಕೊರಳಿನ ಶಿವದಾರ ತೆಗೆದು ಲಿಂಗವನ್ನು ದೇವರ ಜಗುಲಿಯ ಮೇಲಿಟ್ಟು ಹೊರಗೆ ಬಂದಳು.

"ಅವ್ವಾ, ನನಗ ಬ್ಯಾಡ ಇದು. ಇಟಗೊಂಡ್ರ ಮಂದಿ ನಗ್ತಾರ. ತಪ್ಪು ತೋರ್ಸಿದ್ರ ದೇವರು ಬೈತಾನ. ಇಬ್ರ ಕಡಿಂದೂ ನಾನ ಬೈಸಿಗೋಬೇಕೇನು?"

ಅತ್ತೆಗೆ ವಿಷಯ ತಿಳಿದಾಗ ಮನೆ ಅಲ್ಲಾಡಿತು. ಲಿಂಗ ಮೈಮೇಲೆ ಇಲ್ಲದೆ ಗುಟುಕು ನೀರು ಕುಡಿಯದ ಜೀವ ಅವರದು.

"ಕಟ್ಟಬೇ ಅಕಿಗೆ ಈಗಿಂದೀಗ. ಲಿಂಗ ಇಲ್ಲದ ಬಾಯಿಗೆ ಈ ಮನ್ಯಾಗ ಅನ್ನ ಇಲ್ಲ."

"ನಾ ಕಟ್ಟಂಗಿಲ್ರಿ ಅತ್ತಿ. ಬೈದು ಕಟ್ಟಿದ್ದು ಕೊಳ್ಳಾಗ ಇರ್ತೈತಿ, ಎದಿಯಾಗ ಇರಂಗಿಲ್ಲ."

"ಹಂಗಾರ ಉಪಾಸ ಇರ್ಲಿ."

"ಅಕಿ ಉಪಾಸ ಇದ್ರ ನಾನೂ ಇರ್ತೀನ್ರಿ. ಹಸದ ಕೂಸಿಗೆ ಅನ್ನ ಹಾಕದ ಮನ್ಯಾಗ ಲಿಂಗಪ್ಪನೂ ಉಣ್ಣಂಗಿಲ್ಲ."

ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಸೆರಗು ಕೊಡವಿ ಹೋಗಿ ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಾನು ಮಗಳಿಗೆ ಅನ್ನ ಸಾರು ಕಲಸಿ ಕೊಟ್ಟೆ. ಅವಳು ಉಂಡಳು. ಅಂದಿನಿಂದ ಬೆಳಿಗ್ಗೆ ಪೂಜೆಗೆ ಕುಳಿತಾಗ ನನ್ನ ಲಿಂಗದ ಜೊತೆ ಅವಳ ಲಿಂಗಕ್ಕೂ ನಾನೇ ನೀರೆರೆದು, ವಿಭೂತಿ ಹಚ್ಚಿ, ಹೂವೇರಿಸಿ ಇಡುತ್ತಿದ್ದೆ. ಮಗಳು ಬಾಗಿಲಿನ ಆ ಕಡೆಯಿಂದ ನೋಡಿ ಹೋಗುತ್ತಿದ್ದಳು. ನಾನು ಕರೆಯಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅವಳು ತಪ್ಪು ಮಾಡಿರಲಿಲ್ಲ. ಅವಳ ಕೈಗೆ ಬಂದ ಬರ್ಗರ್ ತಪ್ಪಿತ್ತು. ಹಾಗಾದರೆ ತಪ್ಪಿಲ್ಲದ ಒಂದು ಬರ್ಗರ್ ಮಾಡಬೇಕು, ಲಿಂಗಕ್ಕೆ ಧೈರ್ಯವಾಗಿ ತೋರಿಸುವಂಥದ್ದು. ನಕ್ಕ ಹುಡುಗಿಯರಿಗೂ ಅದನ್ನೇ ತಿನ್ನಿಸಬೇಕು. ಆಮೇಲೆ ಅವಳು ಲಿಂಗ ಇಟ್ಟುಕೊಳ್ಳುತ್ತಾಳೋ ಬಿಡುತ್ತಾಳೋ ಅವಳಿಗೂ ಶಿವನಿಗೂ ಬಿಟ್ಟದ್ದು. ಆದರೆ ನಗೆಗೆ ಹೆದರಿ ಬಿಡಬಾರದು.

ಸೋಮವಾರ ವಿರೂಪಾಕ್ಷನ ದರ್ಶನಕ್ಕೆ ಹಂಪಿಗೆ ಹೋದೆ. ಗುಡಿಯ ಮುಂದಿನ ಬಜಾರಿನಲ್ಲಿ ಪರದೇಶದವರಿಗೆಂದು ಸಣ್ಣ ಸಣ್ಣ ಖಾನಾವಳಿಗಳಿದ್ದವು, ಹೊರಗಿನ ಹಲಗೆಯ ಮೇಲೆ ಬರ್ಗರ್ ಎಂದು ಬರೆದದ್ದು ನೆನಪಿತ್ತು. ಒಂದರೊಳಗೆ ಹೋಗಿ ಕುಳಿತೆ. ನಡೆಸುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು.

"ಇಲ್ಲಿ ಬರ್ಗರಿಗೆ ತತ್ತಿ ಹಾಕ್ತೀರೇನ್ರಿ?"

ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯ ಶಿವನ, ಗುಡಿ ಮುಂದ ಕುಂತು ತತ್ತಿ ಒಡೀಲೇನಕ್ಕಾ? ಬರೇ ಆಲೂಗಡ್ಡಿ, ಕ್ಯಾರೆಟ್ಟು."

"ಬನ್ನು?"

"ಬನ್ನು ಪ್ಯಾಟಿ ಬೇಕರಿದು. ಅದರಾಗ ಏನೈತೋ ಆ ವಿರೂಪಾಕ್ಷನ ಬಲ್ಲ."

ನನಗೊಂದು ಧೈರ್ಯ ಬಂತು. ಸಾಕ್ಷಾತ್ ಶಿವನ ಎದುರಿಗೇ ಬರ್ಗರ್ ಮಾಡುತ್ತಾರೆಂದ ಮೇಲೆ ನನ್ನ ಮನೆಯ ಜಗುಲಿಗೆ ಏನು ಅಡ್ಡಿ? ಒಳಗಿನ ವಡೆ ಸರಿಹೋಗುತ್ತದೆ, ಬನ್ನಿನದೇ ಕೆಲಸ ಎಂದು ತಿಳಿಯಿತು. ಬೇಕರಿಯಲ್ಲಿ ಬನ್ನಿನ ಮೇಲೆ ಹೊಳಪು ಬರಲಿ ಎಂದು ತತ್ತಿ ಸವರುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಹಾಗಾಗಿ ಬನ್ನೂ ಮನೆಯದೇ ಆಗಬೇಕು.

ಊಟಕ್ಕೆ ಕುಳಿತಾಗ ಹೇಳಿದೆ. ಯಜಮಾನರು ಜೋಳದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅತ್ತೆ ಮಾತ್ರ ಬಿಡಲಿಲ್ಲ.

"ಮಾಂಸ ತಿನ್ನೋರು ಮಾಡಿದ ತಿಂಡಿ ಅದು. ಒಳಗ ಏನರ ಇಡು, ಆಕಾರ ಅದ ಅಲ್ಲೇನು? ಅದನ್ನ ಲಿಂಗಕ್ಕ ತೋರ್ಸ್ತಿಯೇನು?"

"ಆಕಾರಕ್ಕ ಏನ್ರಿ ಮೈಲಿಗಿ? ಹೋಳಿಗಿ ಒಳಗ ತುಂಬಂಗಿಲ್ಲೇನು, ಕಡಬಿನಾಗ ತುಂಬಂಗಿಲ್ಲೇನು? ಇದು ತುಂಬಿದ್ದಲ್ಲ, ನಡುವ ಇಟ್ಟಿದ್ದು. ಅಷ್ಟ ಫರಕು."

"ನಾಳೆ ಪಿಜ್ಜಾ ತೋರ್ಸು."

"ರೊಟ್ಟಿ ಮ್ಯಾಲ ಪಲ್ಯ ಹಚ್ಚಿದ್ರ ಅದೂ ಆತು ಬಿಡ್ರಿ."

ಯಜಮಾನರು ಕೆಮ್ಮಿದರು. ನಕ್ಕದ್ದನ್ನು ಮುಚ್ಚಲು ಅವರು ಕೆಮ್ಮುವುದು ನನಗೆ ಗೊತ್ತು.

ಮೊದಲ ಸಲ ಗೋಧಿ ಹಿಟ್ಟು, ಮೈದಾ ಸಮ ಸೇರಿಸಿ, ಹುದುಗಲೆಂದು ಹುಳಿ ಬಂದ ದೋಸೆ ಹಿಟ್ಟು ಒಂದು ಸೌಟು, ಮೊಸರು, ಬೆಲ್ಲದ ನೀರು ಹಾಕಿ ನಾದಿದೆ. ಈಸ್ಟು ಸಿಗುತ್ತಿತ್ತು, ಆದರೆ ಅತ್ತೆ "ಅದು ಜೀವ ಇರೋ ಹುಳ ಅಂತ" ಎಂದು ಎಲ್ಲಿಂದಲೋ ಕೇಳಿಕೊಂಡು ಬಂದಿದ್ದರು. ಮೊಸರಿನಲ್ಲಿ ಜೀವ ಇಲ್ಲವೇ ಎಂದು ಕೇಳಬಹುದಿತ್ತು. ಕೇಳಿದ್ದರೆ ಮನೆಯಲ್ಲಿ ಮೊಸರೂ ನಿಲ್ಲುತ್ತಿತ್ತು. ಹಿಟ್ಟು ಉಬ್ಬಲು ಬೆಚ್ಚಗಿನ ಜಾಗ ಬೇಕು. ಹೊಸಪೇಟೆಯಲ್ಲಿ ಬೆಚ್ಚಗಿನ ಜಾಗಕ್ಕೆ ಬರವೇ? ಹಿಟ್ಟಿನ ಪರಾತ ಎತ್ತಿಕೊಂಡು ಹೋಗಿ ಮಾಳಿಗೆಯ ಬಿಸಿಲಲ್ಲಿಟ್ಟು ತೆಳ್ಳನೆಯ ಮಲ್ಲು ಬಟ್ಟೆ ಮುಚ್ಚಿ ಬಂದೆ.

ಸಂಜೆ ಹೋಗಿ ನೋಡಿದರೆ ಹಿಟ್ಟು ಚೆನ್ನಾಗಿ ಉಬ್ಬಿ ಬಟ್ಟೆಗೆ ತಾಗಿತ್ತು. ಬಟ್ಟೆ ಎತ್ತಿದೆ. ಹಿಟ್ಟಿನ ಮೈಯೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. ದಿನವಿಡೀ ಲಾರಿಗಳು ಹಾಯ್ದ ಧೂಳು ಬಟ್ಟೆಯ ಎಳೆಗಳ ನಡುವೆ ಜರಡಿ ಹಿಡಿದು ಇಳಿದಿತ್ತು. ಮಲ್ಲಿಗೆ ತೊಳೆಯುವ ನಾನೇ, ಹಿಟ್ಟನ್ನು ಬಯಲಿಗಿಟ್ಟು ಬಂದಿದ್ದೆ! ಪರಾತ ಇಳಿಸಿಕೊಂಡು ಬಂದಾಗ ಅತ್ತೆ ಕಟ್ಟೆಯ ಮೇಲಿಂದ ಕತ್ತು ಚಾಚಿ ನೋಡಿದರು.

"ಏನಬೇ, ಬರ್ಗರಿಗೆ ಅದಿರನ್ನೂ ಹಾಕ್ತಾರೇನು? ಚೀನಾಕ್ಕ ಕಳಸು, ತಗೋತಾರ."

ಓಣಿಯ ಆಕಳಿಗೆ ಇಟ್ಟೆ. ಅದೂ ಮೂಸಿ ಮುಖ ತಿರುವಿತು.

ಎರಡನೆಯ ಸಲ ಒಳಗೇ, ಅಕ್ಕಿಯ ಡಬ್ಬಿಯ ಪಕ್ಕ, ಕಂಬಳಿ ಹೊದಿಸಿ ಹುದುಗಿಸಿದೆ. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಮೆತ್ತಗೆ ಬಂತು. ಯಜಮಾನರು ಒಂದು ತಿಂದು, "ಚಟ್ನಿ ಎಲ್ಲೈತಿ?" ಎಂದರು. ಅಷ್ಟಕ್ಕೇ ಗೊತ್ತಾಯಿತು, ಇದು ಬನ್ನಲ್ಲ.

ಶೇಂಗಾ ಹುರಿಯುವವನು ಬಾಣಲೆಯಲ್ಲಿ ಉಸುಕು ಕಾಯಿಸಿ ಅದರಲ್ಲಿ ಹುರಿಯುವುದನ್ನು ಎಲ್ಲರೂ ನೋಡಿದ್ದೇವೆ. ನಾನೂ ನೋಡಿದ್ದೆ. ಯಜಮಾನರಿಗೆ ಹೇಳಿ ಹೊಳೆಯಿಂದ ಒಂದು ಚೀಲ ಉಸುಕು ತರಿಸಿದೆ, ನೀರು ತಿಳಿಯಾಗುವವರೆಗೆ ತೊಳೆದೆ, ಒಳಗೇ ಒಣಗಿಸಿದೆ. ದಪ್ಪ ತಳದ ಬೋಗುಣಿಗೆ ಸುರಿದು, ಮುಚ್ಚಿ ಕಾಯಿಸಿ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ತುಪ್ಪ ಸವರಿದ ಸ್ಟೀಲಿನ ಸಣ್ಣ ಬಟ್ಟಲುಗಳಲ್ಲಿ ಹಿಟ್ಟಿನ ಉಂಡೆಗಳು. ಮೇಲೆ ಹಾಲು ಸವರಿ ಬಿಳಿ ಎಳ್ಳು ಉದುರಿಸಿದೆ. ಮುಚ್ಚಳದ ಮೇಲೆ ಕಲ್ಲು ಹೇರಿದೆ. ಸಣ್ಣ ಉರಿ. ಗ್ಯಾಸು ನಡುವೆ ತೀರಲಿಲ್ಲ, ಅದು ಶಿವನ ದಯೆ.

ಮುಚ್ಚಳ ತೆಗೆದಾಗ ಮನೆಯೆಲ್ಲ ಘಮ್ಮೆಂದಿತು. ತಳ ಕೆಂಪಗೆ, ಒಳಗೆ ಹತ್ತಿಯ ಹಾಗೆ. ನೆತ್ತಿ ಮಾತ್ರ ಬಿಳುಪಾಗಿಯೇ ಉಳಿದಿತ್ತು. ಅದನ್ನು ಬೆಣ್ಣೆ ಸವರಿದ ರೊಟ್ಟಿ ಹಂಚಿನ ಮೇಲೆ ಬೋರಲು ಹಾಕಿದೆ. ಬಣ್ಣ ಬಂತು. ಮಗಳು ವಾಸನೆಗೆ ಒಳಗೆ ಬಂದು, "ಅವ್ವಾ, ಖರೇನ ಬನ್ನು!" ಎಂದಳು. ಹುಟ್ಟುಹಬ್ಬದ ದಿನದಿಂದ ಅವಳ ದನಿ ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಮುಟ್ಟಲಿಲ್ಲ, ತಿನ್ನಲಿಲ್ಲ. ನೋಡಿ ಹೋದಳು.

ಇನ್ನು ನಡುವಿನ ವಡೆ. ಬರೀ ಆಲೂಗಡ್ಡೆ ಹಾಕಿದರೆ ಅದು ಬೋಂಡಾದ ಒಳಗಿನ ಪಲ್ಯ. ಹುರುಳಿ ಬೇಯಿಸಿ ರುಬ್ಬಿದರೆ ಹಂಚಿನ ಮೇಲೆ ಚೂರುಚೂರಾಯಿತು. ಮಡಕಿ ಕಾಳನ್ನು ಮೊಳಕೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ತರಿತರಿಯಾಗಿ ಕುಟ್ಟಿದೆ. ಅದಕ್ಕೆ ಉಳ್ಳಾಗಡ್ಡಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ, ಒಂದೇ ಒಂದು ಆಲೂಗಡ್ಡೆ. ಕಚ್ಚಿ ಹಿಡಿಯಲು ಕಡಕ್ ಜೋಳದ ರೊಟ್ಟಿಯನ್ನು ಪುಡಿ ಮಾಡಿ ಬೆರೆಸಿದೆ. ಅಂಗೈಯಲ್ಲಿ ತಟ್ಟಿ ಅದೇ ಪುಡಿಯಲ್ಲಿ ಹೊರಳಿಸಿ ಹಂಚಿನ ಮೇಲೆ ಎಣ್ಣೆ ಬಿಟ್ಟು ಸುಟ್ಟೆ. ಮೇಲೆ ಕರುಕುರು, ಒಳಗೆ ಮೆತ್ತಗೆ. ಒಡೆಯಲಿಲ್ಲ.

ಬಾಟಲಿಯ ಕೆಂಪು ಸಾಸಿಗೆ ಬದಲು ಟೊಮೆಟೊ ಗೊಜ್ಜು, ಬೆಲ್ಲ ಹಾಕಿ ಗಟ್ಟಿಯಾಗಿ ಕುದಿಸಿದ್ದು. ತತ್ತಿಯ ಬಿಳಿ ಸಾಸಿಗೆ ಬದಲು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ಗುರೆಳ್ಳು ಪುಡಿ. ಹೋಟೆಲಿನ ಬರ್ಗರಿನಲ್ಲಿ ಇದ್ದ ಹಸಿರು ಎಲೆಗೆ ಏನು ಮಾಡುವುದೆಂದು ಯೋಚಿಸುತ್ತ ಪೇಟೆಯಲ್ಲಿ ನಿಂತಿದ್ದಾಗ, ಗಾದಿಗನೂರಿನಿಂದ ಬುಟ್ಟಿ ಹೊತ್ತು ಬರುವ ಹೆಂಗಸು ಹಕ್ಕರಕಿ ಸೊಪ್ಪು ಹರವಿಕೊಂಡು ಕುಳಿತಿದ್ದಳು. ರೊಟ್ಟಿಯ ಜೊತೆ ಹಸಿಯಾಗಿ ಕಚ್ಚಿ ತಿನ್ನುವ ಎಲೆ. ಕಣ್ಣ ಮುಂದೆಯೇ ಇತ್ತು, ಹುಡುಕುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ಇದೇ ಬರ್ಗರನ್ನು ಎಷ್ಟು ತರಹ ಮಾಡಿದ್ದೇನೋ. ಬನ್ನಿಗೆ ಸಮಯವಿಲ್ಲದಾಗ ದಪ್ಪ ಸೆಟ್ ದೋಸೆಯ ನಡುವೆ ಇಟ್ಟಿದ್ದೇನೆ. ಶ್ರಾವಣದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟು, ಬಾಳೆಕಾಯಿ, ಶೇಂಗಾ ಹಾಕಿ ಮಾಡಿದ್ದೇನೆ. ಉಳಿದ ಅನ್ನಕ್ಕೆ ಪುಂಡಿಪಲ್ಯ ಬೆರೆಸಿ ತಟ್ಟಿದ್ದನ್ನು ತವರೂರು ಕಂಪ್ಲಿಯಲ್ಲಿ ನಮ್ಮ ತಾಯಿ ತಿಂದು, "ಹೆಸರ ಏನರ ಇರ್ಲಿ, ಇನ್ನೊಂದು ಕೊಡು" ಎಂದರು. ಕುಂಬಳಕಾಯಿಯದು ಒಮ್ಮೆ ಮಾಡಿದೆ. ಅದರ ಮಾತು ಬೇಡ.

ಅಮಾವಾಸ್ಯೆ ಕಳೆದ ಭಾನುವಾರ ಬಂತು. ಬೆಳಗಿನ ಜಾವ ನಾಲ್ಕು ಹನಿ ಮಳೆಯಾಗಿ ಧೂಳು ಅಡಗಿತ್ತು, ಇದೂ ಶಿವನ ದಯೆ. ಅತ್ತೆ ಬೆಳಿಗ್ಗೆಯೇ ಹೇಳಿಬಿಟ್ಟರು, "ನಾ ದೇವರ ಮನ್ಯಾಗ ಕುಂದರ್ತೀನಿ. ಆ ಹುಡುಗೇರು ಹೋಗೋತನ ಹೊರಗ ಬರಂಗಿಲ್ಲ. ನೀ ಮಾಡಿದ್ದನ್ನ ಬಾಯಾಗ ಇಡಂಗಿಲ್ಲ." ಹಾಗೇ ಬಾಗಿಲು ಮುಂದೆ ಮಾಡಿಕೊಂಡು ಕುಳಿತರು. ಅವರ ಹಟ ನನಗಿಂತ ಹಳೆಯದು, ನಾನು ಗೌರವಿಸಿದೆ.

ಮಧ್ಯಾಹ್ನ ನಾದಿನಿಯ ಕಾರು ಬಂತು. ಅದರೊಳಗಿಂದ ಅವಳ ಮಗಳು ಮತ್ತು ಹುಟ್ಟುಹಬ್ಬದಲ್ಲಿ ನಕ್ಕ ಅದೇ ಹುಡುಗಿಯರು ಇಳಿದರು. ನಾದಿನಿ ಅಡುಗೆಮನೆಗೆ ಬಂದು ಬೋಗುಣಿಯೊಳಗೆ ಇಣುಕಿದಳು.

"ಅಯ್ಯ ಅತ್ಗಿ, ಇದೇನ್ರಿ ಉಸುಕು! ಮನಿ ಕಟ್ಟಾಕ ತರಿಸೀರೇನು?"

"ಹೌದ. ನೀ ಮ್ಯಾಲಮ್ಯಾಲ ಕಟ್ಟಿದಿ, ನಾ ಒಳಗ ಕಟ್ಟಾಕ್ಹತ್ತೀನಿ."

ಅವಳಿಗೆ ನಗು ಬಂತು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಉಳ್ಳಾಗಡ್ಡಿ ಹೆಚ್ಚಲು ಕುಳಿತಳು. ಹೇಳಿದೆನಲ್ಲ, ಕೆಟ್ಟವಳಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದೆ. ನನ್ನ ಮಗಳು ಸಾಲಿನ ಕೊನೆಗೆ, ಗೋಡೆಗೆ ಅಂಟಿಕೊಂಡು ಕುಳಿತಳು, ಖಾಲಿ ಕೊರಳಲ್ಲಿ. ತಟ್ಟೆಗಳಿಗೆ ಬರ್ಗರ್ ಬಡಿಸಿದೆ. ಹುಡುಗಿಯರು ಬನ್ನು ಎತ್ತಿ ಒಳಗೆ ನೋಡಿದರು, ಮೂಸಿದರು, ಒಬ್ಬಳು ಎಳ್ಳನ್ನು ಉಗುರಿನಿಂದ ಕೆರೆದಳು. ನಾನು ನಡುವೆ ನಿಂತು ಹೇಳಿದೆ, "ನಮ್ಮನ್ಯಾಗ ಒಂದ ಪದ್ಧತಿ ಐತಿ. ಲಿಂಗಕ್ಕ ತೋರ್ಸದ ನಾವು ಯಾರೂ ತಿನ್ನಂಗಿಲ್ಲ. ನಾ ತೋರಿಸ್ತೀನಿ, ಅಲ್ಲೀತನ ತಡೀರಿ. ನಗೂದಿದ್ರ ಈಗ ನಕ್ಕು ಮುಗಿಸ್ರಿ."

ಹೋಟೆಲಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಅದು. ಹೇಳಿ ಸೆರಗಿನೊಳಗಿಂದ ನನ್ನ ಲಿಂಗ ತೆಗೆಯಲು ಕೈ ಹಾಕಿದೆ. ಅಷ್ಟರಲ್ಲಿ ನಾದಿನಿಯ ಮಗಳು ಹಸಿವಿಗೋ ಚೇಷ್ಟೆಗೋ ಬರ್ಗರನ್ನು ಎತ್ತಿ ಬಾಯಿಗೆ ಒಯ್ದಳು.

"ಇಡಲೇ ಅದನ್ನ!"

ನನ್ನ ದನಿಯಲ್ಲ. ಗೋಡೆಯ ಕಡೆಯಿಂದ ಬಂದದ್ದು.

"ಯಾಕ?" ಎಂದಳು ನಾದಿನಿಯ ಮಗಳು.

"ಇನ್ನ ಅರ್ಪಣ ಆಗಿಲ್ಲ. ಅವ್ವ ಹೇಳಿದ್ದು ಕೇಳ್ಸಲಿಲ್ಲೇನು? ಕಿವಿಯಾಗ ಅದಿರು ತುಂಬೇತೇನು?"

ಮಗಳು ಎದ್ದಳು. ಹಿತ್ತಿಲಿಗೆ ಹೋಗಿ ಕೈಕಾಲು ತೊಳೆದ ಸದ್ದು ಕೇಳಿಸಿತು. ದೇವರ ಮನೆಯ ಬಾಗಿಲು ಕಿರ್ರೆಂದಿತು, ಮುಚ್ಚಿತು. ನಾನು ಕಾಲು ಕೀಳಲಿಲ್ಲ. ಒಳಗೆ ಅಜ್ಜಿ ಮೊಮ್ಮಗಳ ನಡುವೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಇಬ್ಬರೂ ಹೇಳಿಲ್ಲ. ಹೊರಗೆ ಬಂದಾಗ ಲಿಂಗ ಕೊರಳಲ್ಲಿತ್ತು. ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಈ ಕಿವಿಯಿಂದ ಆ ಕಿವಿಯವರೆಗೆ. ಅಷ್ಟು ಅಗಲದ ಗೆರೆ ಮಕ್ಕಳ ಬೆರಳಿಂದ ಎಳೆದದ್ದಲ್ಲ.

ಅವಳು ಗೋಡೆಯ ಹತ್ತಿರ ಹೋಗಲಿಲ್ಲ. ಸಾಲಿನ ನಡುವೆ ಜಾಗ ಮಾಡಿಸಿಕೊಂಡು ಕುಳಿತಳು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಬರ್ಗರ್. ಕಣ್ಣು ಮುಚ್ಚಿದಳು.

ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಮಗಳು ಕಣ್ಣು ತೆರೆಯಲಿಲ್ಲ. ಅವಸರವನ್ನೂ ಮಾಡಲಿಲ್ಲ. ಅವಳ ತುಟಿಗಳು ಆಡುತ್ತಿದ್ದವು, ಮಂತ್ರ ಪೂರ್ತಿ ಹೇಳುತ್ತಿದ್ದಳು. ಮೊದಲು ದೀಕ್ಷೆಯ ಹೊಸದರಲ್ಲಿ ಹಸಿವಾದಾಗ ಅರ್ಧ ನುಂಗಿ ಹೇಳುತ್ತಿದ್ದವಳು, ಈಗ ಎಲ್ಲರನ್ನೂ ಕಾಯಿಸಿ ಅಕ್ಷರ ಅಕ್ಷರ ಹೇಳಿದಳು. ನಕ್ಕವಳ ನಗು ಒಬ್ಬಳದೇ ಆಗಿ, ಬೇಸರ ಬಂದು, ತಾನೇ ನಿಂತಿತು.

ಆಮೇಲೆ ಕಣ್ಣು ತೆರೆದು ದೊಡ್ಡದಾಗಿ ಕಚ್ಚಿದಳು. ಗಲ್ಲದ ಮೇಲೆಲ್ಲ ಮೊಸರು. ಬಾಯಿ ತುಂಬ ಇಟ್ಟುಕೊಂಡೇ ಎಲ್ಲರ ಕಡೆ ನೋಡಿ, "ಹ್ಞೂಂ, ಈಗ ತಿನ್ರಿ" ಎಂದು ಅಪ್ಪಣೆ ಕೊಟ್ಟಳು. ತಿಂದರು. ಎರಡನೆಯದನ್ನು ಕೇಳಿದರು. ನಾನು ಹಂಚಿನ ಮುಂದೆ ನಿಂತು ಬನ್ನು ಬಿಸಿ ಮಾಡುತ್ತಿದ್ದಾಗ ಹಿಂದಿನಿಂದ ಅವಳ ಕೂಗು ಬಂತು.

"ಅವ್ವಾ, ವಡಿಗೆ ಖಾರ ಕಡಿಮಿ ಆಗೇತಿ!"

ಅತ್ತೆ ನಮ್ಮ ಮನೆಯ ಬರ್ಗರನ್ನು ಸಾಯುವವರೆಗೂ ಬಾಯಿಗಿಡಲಿಲ್ಲ. ಮಾಡುವುದನ್ನು ನಾನೂ ಬಿಡಲಿಲ್ಲ. ಆ ಭಾನುವಾರ ಮಗಳ ಕೂಗು ಕೇಳಿದ್ದೇ ಇನ್ನೆರಡು ಹಸಿಮೆಣಸು ತೆಗೆದು ಕುಟ್ಟಲು ಶುರು ಮಾಡಿದೆ.